ಸುಡದ ಸಿಪ್ಪೆ, ಹರಿಯದ ಕಾಗದ

ಶನಿವಾರ ಬೆಳಗ್ಗೆ ಹತ್ತು ಗಂಟೆಗೆ ಹಗ್ಗದ ಮೇಲಿನ ನಲವತ್ತು ಬೆಡ್‌ಶೀಟುಗಳೂ ಬೆಳ್ಳಗಿದ್ದವು. ಹನ್ನೊಂದಕ್ಕೆ ಅವುಗಳ ಮೇಲೆ ಕಪ್ಪು ಚುಕ್ಕಿ ಬೀಳತೊಡಗಿತು. ಗೋಡೆಯಾಚೆ ಯಾರೋ ಮೆಕ್ಕೆಜೋಳದ ಸಿಪ್ಪೆಯ ರಾಶಿಗೆ ಬೆಂಕಿ ಇಟ್ಟಿದ್ದರು. ಯಾರೋ ಏನು, ದೊಡ್ಡಮ್ಮನ ಸ್ವಂತ ಮೈದುನನೇ.

ದೊಡ್ಡಮ್ಮ ಬಕೆಟ್ಟನ್ನು ನೆಲಕ್ಕೆ ಕುಕ್ಕಿದರು. ಬೀದಿಯವರೆಲ್ಲ ಅವರನ್ನು ಕರೆಯುವುದು ದೊಡ್ಡಮ್ಮ ಎಂದೇ. ಹಿತ್ತಲಲ್ಲಿ ಎರಡು ಒಗೆಯುವ ಕಲ್ಲು, ಬಟ್ಟೆ ಬೇಯಿಸುವ ಒಂದು ಸ್ಟೀಲ್ ಡ್ರಮ್ಮು, ಎಂಟು ಸಾಲು ಹಗ್ಗ. ಬಸ್‌ಸ್ಟ್ಯಾಂಡಿನ ಎದುರಿರುವ ಲಾಡ್ಜಿನ ಬೆಡ್‌ಶೀಟುಗಳನ್ನು ಒಗೆದು, ಇಸ್ತ್ರಿ ಮಾಡಿ, ಕಾಗದದಲ್ಲಿ ಸುತ್ತಿ ತಲುಪಿಸುವ ಕೆಲಸವನ್ನು ಅವರು ಹದಿನಾಲ್ಕು ವರ್ಷದಿಂದ ಮಾಡುತ್ತಿದ್ದಾರೆ.

ಮಸಿ ಬಿದ್ದ ಬಟ್ಟೆಯನ್ನು ಕೈಯಿಂದ ಒರೆಸುವಂತಿಲ್ಲ. ಒರೆಸಿದರೆ ಚುಕ್ಕಿ ಗೀರಾಗುತ್ತದೆ. ಊದಬೇಕು. ದೊಡ್ಡಮ್ಮ ನಲವತ್ತು ಬೆಡ್‌ಶೀಟುಗಳ ಮುಂದೆ ನಿಂತು ಕೆನ್ನೆ ನೋಯುವಷ್ಟು ಊದಿದರು. ಆಮೇಲೆ ಕಲ್ಲಿನ ಮೇಲೆ ಹತ್ತಿ ಗೋಡೆಯಾಚೆ ಕತ್ತು ಚಾಚಿದರು.

"ಏನಪ್ಪಾ, ನನ್ನ ಹಗ್ಗ ಕಣ್ಣಿಗೆ ಬೀಳಲ್ವಾ ನಿನಗೆ?"

"ಬೀಳುತ್ತೆ ಅತ್ತಿಗೆ. ಗಾಳಿ ನನ್ನ ಮಾತು ಕೇಳಬೇಕಲ್ಲ."

"ಗಾಳಿ ಕೇಳದಿದ್ರೆ ಬಿಡು, ನಿನ್ನ ಬೆಂಕಿಪೊಟ್ಟಣ ಕೇಳುತ್ತಲ್ಲ?"

"ಹೋದ ವರ್ಷವೂ ಇದೇ ಮಾತು ಅಂದ್ರಿ."

"ಹೋದ ವರ್ಷವೂ ಇದೇ ಹೊಗೆ ಬಿಟ್ಟಿದ್ದೆ!"

ಮೈದುನ ಕೋಲಿನಿಂದ ಬೂದಿ ಕೆದಕಿದ. "ಮತ್ತೇನು ಮಾಡಲಿ ಹೇಳಿ. ದನ ಇರೋರು ದಂಟು ಒಯ್ತಾರೆ, ಸಿಪ್ಪೆ ಬೇಡ ಅಂತಾರೆ. ಕಣ ಖಾಲಿಯಾಗದೆ ಮುಂದಿನ ಬೆಳೆಗೆ ಕೈ ಹಾಕೋ ಹಾಗಿಲ್ಲ. ಇನ್ನೂ ಎರಡು ರಾಶಿ ಇದೆ, ತಗೊಂಡು ಹೋಗಿ ನಿಮ್ಮ ಅಟ್ಟದಲ್ಲಿ ಇಟ್ಕೊಳ್ತೀರಾ?"

ದೊಡ್ಡಮ್ಮ ಕಲ್ಲಿನಿಂದ ಧಡಕ್ಕನೆ ಇಳಿದರು.

ಅಷ್ಟು ಊದಿದರೂ ಏಳು ಬೆಡ್‌ಶೀಟುಗಳಲ್ಲಿ ಮಸಿ ಉಳಿದಿತ್ತು. ಸಂಜೆ ಲಾಡ್ಜಿನ ಮ್ಯಾನೇಜರು ಅವನ್ನು ಸುತ್ತಿದ ಕಾಗದದ ಸಮೇತ ವಾಪಸು ಕೊಟ್ಟರು.

"ಇದು ಮೂರನೇ ಸಲ ದೊಡ್ಡಮ್ಮ. ಹೋದ ಸಲ ರೂಮು ನೋಡೋಕೆ ಬಂದವರು ಚುಕ್ಕಿ ನೋಡಿ ತಿಗಣೆ ಅಂದ್ಕೊಂಡು ಪೆಟ್ಟಿಗೆ ಎತ್ಕೊಂಡು ಓಡಿದ್ರು. ಇನ್ನೊಂದು ಸಲ ಹೀಗಾದ್ರೆ ಪೇಟೆಯ ಮೆಷಿನ್ ಲಾಂಡ್ರಿಗೆ ಕೊಟ್ಟುಬಿಡ್ತೀನಿ. ಬೇಜಾರು ಮಾಡ್ಕೋಬೇಡಿ."

ಹದಿನಾಲ್ಕು ವರ್ಷದ ಕೆಲಸ ಹೋಗುತ್ತದೆ ಎಂದ ಮೇಲೆ ಬೇಜಾರು ಮಾಡಿಕೊಳ್ಳದೆ ಇರುವುದು ಹೇಗೆ?

ಮನೆಗೆ ಬಂದರೆ ಹಿತ್ತಲ ಮೆಟ್ಟಿಲ ಮೇಲೆ ಮೈದುನನ ಮಗಳು ಕೂತಿದ್ದಳು. ಹೈಸ್ಕೂಲಿನ ವಿಜ್ಞಾನದ ಲ್ಯಾಬಿನಲ್ಲಿ ಅವಳಿಗೆ ಸಹಾಯಕಿಯ ಕೆಲಸ. ಮನೆಯವರಿಗೆ ಅವಳು ಲ್ಯಾಬಮ್ಮ. ದೊಡ್ಡಮ್ಮ ಎಸೆದ ಸುತ್ತುಕಾಗದವನ್ನು ಎತ್ತಿಕೊಂಡು ಅಂಚು ಹರಿದಳು.

"ದೊಡ್ಡಮ್ಮ, ಈ ಹರಿದ ಅಂಚು ಬೆಳಕಿಗೆ ಹಿಡಿದು ನೋಡಿ."

"ನನ್ನ ಹೊಟ್ಟೆ ಉರೀತಿದೆ, ನೀನು ಅಂಚು ನೋಡು ಅಂತೀಯ."

"ನೋಡಿ ಅಂದ್ನಲ್ಲ."

ಅಂಚಿನಲ್ಲಿ ಸಣ್ಣ ಸಣ್ಣ ಕೂದಲಿನಂಥ ಎಳೆಗಳು ಎದ್ದಿದ್ದವು. ಲ್ಯಾಬಮ್ಮ ಗೋಡೆಯಾಚೆ ಕೈ ಹಾಕಿ ಜೋಳದ ಒಂದು ಸಿಪ್ಪೆ ಎಳೆದುಕೊಂಡು ಉದ್ದಕ್ಕೆ ಸೀಳಿದಳು. ಅದರ ಅಂಚಿನಲ್ಲೂ ಅಂಥವೇ ಎಳೆಗಳು.

"ಎರಡೂ ನಾರೇ. ಕಾಗದ ಅಂದ್ರೆ ನೇಯದ ಬಟ್ಟೆ ಅಂದ್ಕೊಳ್ಳಿ. ನಾರುಗಳು ನೀರಲ್ಲಿ ತೇಲಿ, ಒಂದಕ್ಕೊಂದು ತೊಡರಿ, ಒಣಗಿ ಹಿಡ್ಕೊಂಡ್ರೆ ಕಾಗದ. ಆ ನಾರು ಮರದ್ದೇ ಆಗಬೇಕು ಅಂತ ಎಲ್ಲೂ ಬರೆದಿಲ್ಲ."

ಅಷ್ಟರಲ್ಲಿ ಮೈದುನ ಟೀ ಲೋಟ ಹಿಡಿದು ಬಂದ. ಅತ್ತಿಗೆಯ ಮುಖ ನೋಡಿ ತುಸು ದೂರದಲ್ಲೇ ನಿಂತ. "ಕಾಗದ ಆಗೋದು ಮರದಿಂದ. ಒಂದನೇ ಕ್ಲಾಸಿನ ಮಕ್ಕಳನ್ನ ಕೇಳಿದ್ರೂ ಹೇಳ್ತಾವೆ."

"ಎರಡನೇ ಕ್ಲಾಸಿಗೆ ಹೋಗಿದ್ರೆ ಇನ್ನೂ ಸ್ವಲ್ಪ ಗೊತ್ತಾಗ್ತಿತ್ತು ಅಪ್ಪ," ಎಂದಳು ಮಗಳು. "ಮರದಲ್ಲಿ ನಾರುಗಳನ್ನ ಗಟ್ಟಿಯಾಗಿ ಅಂಟಿಸಿಟ್ಟಿರೋ ಗೋಂದಿನಂಥ ಪದಾರ್ಥ ಜಾಸ್ತಿ. ಅದನ್ನ ಬಿಡಿಸೋಕೆ ಕಾರ್ಖಾನೆ ಬೇಕು, ಕಟುವಾದ ರಾಸಾಯನಿಕ ಬೇಕು. ಸಿಪ್ಪೆಯಲ್ಲಿ ಅದು ಕಡಿಮೆ. ದೊಡ್ಡಮ್ಮ ಬಟ್ಟೆಗೆ ಹಾಕೋ ವಾಷಿಂಗ್ ಸೋಡ ಸಾಕು, ಆ ಡ್ರಮ್ಮು ಸಾಕು. ಮರ ಬೆಳೆಯೋಕೆ ಎಷ್ಟು ವರ್ಷ? ನಿನ್ನ ಜೋಳಕ್ಕೆ ಎಷ್ಟು ತಿಂಗಳು?"

"ನಾಲ್ಕು."

"ಮತ್ತೆ? ನಾಲ್ಕು ತಿಂಗಳಲ್ಲಿ ಬಂದ ನಾರನ್ನ ನಾಲ್ಕು ನಿಮಿಷದಲ್ಲಿ ಸುಟ್ಟು ದೊಡ್ಡಮ್ಮನ ಹಗ್ಗದ ಮೇಲೆ ಹಾಕ್ತಿದ್ದೀಯ. ಅವರು ಅದೇ ಬೆಡ್‌ಶೀಟು ಸುತ್ತೋಕೆ ಅಂಗಡಿಯಿಂದ ಮರದ ಕಾಗದ ತರ್ತಿದ್ದಾರೆ. ನಿಮ್ಮಿಬ್ಬರನ್ನ ನೋಡಿದ್ರೆ ನನಗೆ ತಲೆ ಚಿಟ್ಟು ಹಿಡಿಯುತ್ತೆ."

ಮೈದುನ ಲೋಟ ಕೆಳಗಿಟ್ಟ. "ಆಯ್ತು ತಾಯಿ. ಶನಿವಾರದವರೆಗೆ ನಾನು ಕಡ್ಡಿ ಗೀರಲ್ಲ. ಅಷ್ಟರೊಳಗೆ ನಿನ್ನ ಸಿಪ್ಪೆ ಕಾಗದ ಆರು ಬೆಡ್‌ಶೀಟು ಹೊತ್ಕೊಂಡು ಹರಿಯದೆ ಲಾಡ್ಜು ಮುಟ್ಟಲಿ. ಮುಟ್ಟಿದ್ರೆ ನೀನು ಹೇಳಿದಂತೆ ಕೇಳ್ತೀನಿ. ಇಲ್ಲಾಂದ್ರೆ ಭಾನುವಾರ ಎರಡೂ ರಾಶಿ ಬೂದಿ."

"ನನ್ನ ಕೆಲಸದ ಮೇಲೆ ನೀವಿಬ್ಬರು ಪಂಥ ಕಟ್ತೀರಾ?" ಎಂದರು ದೊಡ್ಡಮ್ಮ. ಆದರೆ ಡ್ರಮ್ಮನ್ನು ತೊಳೆದಿಟ್ಟವರೂ ಅವರೇ.

ಭಾನುವಾರ ಲ್ಯಾಬಮ್ಮ ಎದುರು ನಿಂತು ಮಾಡಿಸಿದಳು. ತೆನೆಗೆ ಅಂಟಿಕೊಂಡಿರುವ ಒಳಗಿನ ಮೆತ್ತನೆಯ ಸಿಪ್ಪೆಗಳನ್ನಷ್ಟೇ ಆರಿಸಿದರು. ಬೂಷ್ಟು ಹಿಡಿದದ್ದನ್ನು ಬಿಟ್ಟರು. ಗಟ್ಟಿ ಬುಡ ಕತ್ತರಿಸಿ ತೆಗೆದು, ಒಂದು ಕಿಲೋ ಒಣ ಸಿಪ್ಪೆಗೆ ಇನ್ನೂರು ಗ್ರಾಂ ಸೋಡ ತೂಗಿ ಹಾಕಿ, ಮುಳುಗುವಷ್ಟು ನೀರು ಹೊಯ್ದು, ಕಾಳು ಬಿಡಿಸಿದ ತೆನೆಯ ದಿಂಡನ್ನೇ ಒಲೆಗೆ ಹಾಕಿ ಮೂರು ಗಂಟೆ ಬೇಯಿಸಿದರು. ಬೆರಳಲ್ಲಿ ಹಿಸುಕಿದರೆ ಸಿಪ್ಪೆ ಎಳೆಯೆಳೆಯಾಗಿ ಬಿಚ್ಚಿಕೊಂಡಿತು. ಹಳೆಯ ಕಿಟಕಿಯ ಚೌಕಟ್ಟಿಗೆ ಸೊಳ್ಳೆ ಜಾಲರಿ ಬಿಗಿದು ಕಾಗದ ಎತ್ತುವ ಜರಡಿ ಮಾಡಿದರು. ಅದನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಮಟ್ಟಸವಾಗಿ ಎತ್ತುವುದು ಹೇಗೆಂದು ಲ್ಯಾಬಮ್ಮ ತೋರಿಸಿಕೊಟ್ಟಳು.

ಸೋಮವಾರ, ಮಂಗಳವಾರ ಅವಳ ಶಾಲೆಯಲ್ಲಿ ಪ್ರಾಯೋಗಿಕ ಪರೀಕ್ಷೆ. ಹೊರಡುವ ಮುನ್ನ ಡ್ರಮ್ಮಿನ ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಮೂರು ಸಾಲು ಬರೆದಳು. ಜಾರಿಕೆ ಹೋಗುವವರೆಗೆ ತೊಳೆಯಿರಿ. ಕಲ್ಲಿನ ಮೇಲೆ ಬಡಿಯಿರಿ. ಬೇರೆ ಏನೂ ಮಾಡಬೇಡಿ.

ಮೂರನೆಯ ಸಾಲಿಗೆ ಅವಳು ಎರಡು ಗೆರೆ ಎಳೆದಿದ್ದಳು. ಯಾರಿಗಾಗಿ ಎಳೆದಿದ್ದಳೋ, ಅವರಿಬ್ಬರೂ ಅದನ್ನು ಓದಿದರು.

ದೊಡ್ಡಮ್ಮ ಎಂಟು ನೀರಿನಲ್ಲಿ ಸಿಪ್ಪೆ ತೊಳೆದರು. ಅದರಲ್ಲಿ ಅವರನ್ನು ಮೀರಿಸುವವರಿಲ್ಲ. ಬೇರೆ ಬಟ್ಟೆ ಒಗೆಯಲು ಅವರು ಎದ್ದು ಹೋದಾಗ ಮೈದುನ ಬಂದ. ಬಡಿಯುವ ಕೋಲನ್ನು ನೋಡಿದ. ಕೋಲಿನಿಂದ ಬಡಿಯುವುದೆಲ್ಲ ಹಳೆ ಕಾಲದ್ದು, ಮನೆಯಲ್ಲಿ ಮಿಕ್ಸಿ ಇರುವಾಗ ಇದೇನು ಪಾಡು ಎನ್ನಿಸಿತು. ಬೆಂದ ಸಿಪ್ಪೆಯನ್ನೆಲ್ಲ ಮನೆಗೆ ಒಯ್ದು, ಜಾರಿಗೆ ತುಂಬಿ, ನೀರು ಚೂರೇ ಚೂರು ಹಾಕಿ, ಬೆಣ್ಣೆಯಾಗುವವರೆಗೆ ರುಬ್ಬಿದ. ಮಿಕ್ಸಿಯಿಂದ ಸುಟ್ಟ ವಾಸನೆ ಬಂತು. ಆ ಮಿಕ್ಸಿ ಇನ್ನು ಅಡುಗೆಮನೆಯ ಹೊಸ್ತಿಲು ದಾಟಕೂಡದು ಎಂದು ಹೆಂಡತಿ ಹೇಳಿಬಿಟ್ಟಳು. ಅವನು ರುಬ್ಬಿದ್ದನ್ನು ತಂದು ಸದ್ದಿಲ್ಲದೆ ತೊಟ್ಟಿಯ ಪಕ್ಕ ಇಟ್ಟು ಹೋದ.

ದೊಡ್ಡಮ್ಮ ವಾಪಸು ಬಂದರು. ಮೈದುನ ಇಷ್ಟು ಬೇಗ ಬಡಿದು ಮುಗಿಸಿದನಲ್ಲ ಎಂದು ಅಚ್ಚರಿಪಟ್ಟರು. ಆದರೆ ಬಣ್ಣ! ಒಣ ಹುಲ್ಲಿನ ಹಳದಿ. ಹದಿನಾಲ್ಕು ವರ್ಷ ಹಳದಿಯ ಜೊತೆ ಗುದ್ದಾಡಿದ ಕೈ ಅದು. ಹಳದಿ ಕಂಡರೆ ತಾನಾಗಿ ಬ್ಲೀಚಿಂಗ್ ಪೌಡರಿನ ಡಬ್ಬಕ್ಕೆ ಹೋಗುತ್ತದೆ. ಒಂದು ಹಿಡಿ ಹಾಕಿದರು. ಸಾಲದೆನ್ನಿಸಿತು. ಇನ್ನೊಂದು ಹಿಡಿ ಹಾಕಿ, ಅರ್ಧ ದಿನ ಹಾಗೆಯೇ ಬಿಟ್ಟರು.

ಮಂಗಳವಾರ ಸಂಜೆ ಲ್ಯಾಬಮ್ಮ ಸುಸ್ತಾಗಿ ಬಂದಾಗ ಗೋಡೆಯ ಮೇಲೆ ಕಾಗದ ಒಣಗುತ್ತಿತ್ತು. ಮೊಟ್ಟೆಯ ಚಿಪ್ಪಿನಷ್ಟು ಬಿಳುಪು, ಅಷ್ಟೇ ನುಣುಪು.

"ಇಷ್ಟು ಬೆಳ್ಳಗೆ ಹೇಗಾಯ್ತು ದೊಡ್ಡಮ್ಮ?"

"ಕೈಗುಣ," ಎಂದರು ದೊಡ್ಡಮ್ಮ.

"ಇಷ್ಟು ನುಣ್ಣಗೆ?"

"ಅದು ನನ್ನ ಕೈಗುಣ," ಎಂದ ಮೈದುನ.

ಬುಧವಾರ ಆರು ಬೆಡ್‌ಶೀಟುಗಳನ್ನು ಆ ಕಾಗದದಲ್ಲಿ ಸುತ್ತಿ, ದಾರ ಕಟ್ಟಿ, ಮೈದುನನ ಸ್ಕೂಟರಿನ ಮೇಲೆ ಲಾಡ್ಜಿಗೆ ಒಯ್ದರು. ದಾರಿಯುದ್ದಕ್ಕೂ ಕಟ್ಟು ಚೆನ್ನಾಗಿಯೇ ಇತ್ತು. ಕೌಂಟರಿನ ಮೇಲೆ ಇಡಲು ಎತ್ತಿದಾಗ ಮಡಿಕೆಯ ಗುಂಟ ಬಿರುಕು ಬಿಟ್ಟಿತು. ಹಪ್ಪಳ ಮುರಿದಂತೆ ಒಂದು ಸದ್ದು. ಆರೂ ಬೆಡ್‌ಶೀಟುಗಳು ಆಗಷ್ಟೇ ಒರೆಸಿದ ಒದ್ದೆ ನೆಲದ ಮೇಲೆ ಜಾರಿ ಬಿದ್ದವು. ಮ್ಯಾನೇಜರು ಕೌಂಟರಿನ ಮೇಲಿಂದ ಬಗ್ಗಿ ನೋಡಿದರು.

"ಮೇಲಿಂದ ಮಸಿ ಬೀಳೋದು ನಿಂತ್ರೆ ಕೆಳಗಿಂದ ಕೊಳೆನಾ ದೊಡ್ಡಮ್ಮ? ನನ್ನ ಕಣ್ಣೆದುರಿಗೇ ಬಿತ್ತು, ಅದಕ್ಕೆ ಸುಮ್ಮನಿದ್ದೀನಿ. ಶನಿವಾರದ್ದು ಸರಿಯಿಲ್ಲಾಂದ್ರೆ ಅದೇ ಕೊನೆ."

ಹಿತ್ತಲಿಗೆ ಬಂದು ಮೈದುನ ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ಒಗೆಯುವ ಕಲ್ಲಿನ ಮೇಲಿಟ್ಟ. "ನಾನು ಮೊದಲೇ ಹೇಳಿದ್ದೆ. ಸಿಪ್ಪೆ ಸಿಪ್ಪೆಯೇ, ಕಾಗದ ಕಾಗದವೇ."

ಲ್ಯಾಬಮ್ಮ ಒಡೆದ ಕಾಗದವನ್ನು ಮೂಸಿದಳು. ಅಂಚು ಹರಿದು ಬೆಳಕಿಗೆ ಹಿಡಿದಳು. ಒಂದೇ ಒಂದು ಎಳೆಯೂ ಎದ್ದಿರಲಿಲ್ಲ.

"ನಿಜ ಹೇಳಿ. ಏನು ಮಾಡಿದ್ರಿ ಇದಕ್ಕೆ?"

ಮೈದುನ ಅತ್ತಿಗೆಯ ಕಡೆ ನೋಡಿದ, ಅತ್ತಿಗೆ ಹಗ್ಗದ ಕಡೆ ನೋಡಿದರು.

"ಅಪ್ಪಾ."

"ಸ್ವಲ್ಪ ಮಿಕ್ಸಿಗೆ ಹಾಕಿದೆ."

"ಸ್ವಲ್ಪ ಅಂದ್ರೆ?"

"ಮಿಕ್ಸಿ ಕೆಡೋವರೆಗೆ."

"ಅಯ್ಯೋ ಪುಣ್ಯಾತ್ಮ!" ಎಂದು ದೊಡ್ಡಮ್ಮ ಕೂಗಿದರು. "ನೀನು ಬಡಿದೆ ಅಂತ ನಾನು ನಂಬಿದ್ದೆನಲ್ಲೋ!"

"ನೀವು ಏನು ಹಾಕಿದ್ರಿ ಅಂತ ಮೊದಲು ಹೇಳಿ ಅತ್ತಿಗೆ. ಮೂರು ದಿನದಿಂದ ಹಿತ್ತಲು ಆಸ್ಪತ್ರೆ ಬಾತ್‌ರೂಮಿನ ಹಾಗೆ ನಾರ್ತಿದೆ."

ದೊಡ್ಡಮ್ಮ ಸೆರಗು ಸರಿಮಾಡಿಕೊಂಡರು. "ಒಂದೆರಡು ಹಿಡಿ ಬ್ಲೀಚಿಂಗ್ ಪೌಡರು. ಆ ಹಳದೀನ ನೋಡೋಕಾಗ್ತಿರಲಿಲ್ಲ ಕಣೇ."

ಲ್ಯಾಬಮ್ಮ ಗೋಡೆಯ ಕಡೆ ಕೈ ತೋರಿಸಿದಳು. "ಮೂರೇ ಮೂರು ಸಾಲು ಬರೆದಿದ್ದೆ. ಮಕ್ಕಳಾದ್ರೂ ಹೇಳಿದ ಮಾತು ಕೇಳ್ತಾರೆ! ದೊಡ್ಡಮ್ಮ, ಬ್ಲೀಚಿಂಗ್ ಪೌಡರಲ್ಲಿ ಅರ್ಧ ದಿನ ಬಿಟ್ಟ ಬೆಡ್‌ಶೀಟು ಏನಾಗುತ್ತೆ?"

"ಏನಾಗುತ್ತೆ, ಜೀರ್ಣವಾಗುತ್ತೆ. ಹಿಂಡಿದ್ರೆ ಕೈಗೇ ಬರುತ್ತೆ."

"ಬಟ್ಟೆಯ ನಾರೂ ಇದೂ ಒಂದೇ ಜಾತಿ. ಅಪ್ಪಾ, ಒಂದು ಬೆಡ್‌ಶೀಟನ್ನ ಅಕ್ಕಿಕಾಳಿನಷ್ಟು ಚೂರು ಚೂರು ಕತ್ತರಿಸಿ, ಈಗ ಇದನ್ನ ಮತ್ತೆ ಹೊಲಿ ಅಂದ್ರೆ ಹೊಲಿಯೋಕಾಗುತ್ತಾ? ನಾರು ಉದ್ದ ಇದ್ದರೆ ತೊಡರುತ್ತೆ. ಹಿಟ್ಟು ಮಾಡಿದ್ರೆ ಏನು ತೊಡರುತ್ತೆ? ನಾರು ಬಿಚ್ಚಬೇಕು, ಜಜ್ಜಬೇಕು, ಕತ್ತರಿಸಬಾರದು. ಅದಕ್ಕೇ ಬಡಿಯಿರಿ ಅಂತ ಬರೆದದ್ದು."

ಆಮೇಲೆ ದೊಡ್ಡಮ್ಮ ಎದ್ದರು. ಕಲ್ಲಿನ ಮೇಲಿದ್ದ ಬೆಂಕಿಪೊಟ್ಟಣ ತೆಗೆದುಕೊಂಡರು. ಡ್ರಮ್ಮಿಗೆ ಹೊಸ ಸಿಪ್ಪೆ, ಸೋಡ ತುಂಬಿ ಕೆಳಗಿನ ಒಲೆ ಹಚ್ಚಿದರು. ಪೊಟ್ಟಣವನ್ನು ಮೈದುನನಿಗೆ ವಾಪಸು ಕೊಡಲಿಲ್ಲ.

ಗುರುವಾರ ಇಡೀ ದಿನ ಮೈದುನನಿಗೆ ತೊಳೆಯುವ ಶಿಕ್ಷೆ. ಐದನೇ ನೀರಿಗೆ ಅವನು ಸೊಂಟ ಹಿಡಿದುಕೊಂಡು ಎದ್ದ.

"ಸಾಕಾ ಅತ್ತಿಗೆ?"

"ಬೆರಳು ಉಜ್ಜಿ ನೋಡು. ಜಾರುತ್ತಾ?"

"ಜಾರುತ್ತೆ."

"ಹಾಗಾದ್ರೆ ಸೋಡ ಇನ್ನೂ ಇದೆ. ತೊಳಿ. ಬೆರಳಿಗೆ ಬೆರಳು ತಾಗಿದ್ರೆ ಕಿರ್ ಅನ್ನಬೇಕು."

"ಇದು ಕಾಗದವೋ, ಪೂರ್ವಜನ್ಮದ ಕರ್ಮವೋ!"

ಒಂಬತ್ತನೇ ನೀರಿಗೆ ಕಿರ್ ಅಂದಿತು. ಆಮೇಲೆ ದೊಡ್ಡಮ್ಮ ಕಲ್ಲಿನ ಮುಂದೆ ಕೂತು ಮರದ ಕೋಲು ಹಿಡಿದರು. ಲ್ಯಾಬಮ್ಮನಿಗೆ ಪುಸ್ತಕದಲ್ಲಿ ಸಿಗದಿದ್ದದ್ದು ಅಲ್ಲಿ ಕಂಡಿತು. ದೊಡ್ಡಮ್ಮ ಜೋರಾಗಿ ಹೊಡೆಯಲಿಲ್ಲ. ಕೋಲು ತನ್ನ ಭಾರಕ್ಕೆ ತಾನೇ ಬೀಳುವಂತೆ ಬಿಟ್ಟರು. ಅದರ ಅಂಚು ತಾಗಗೊಡದೆ, ಚಪ್ಪಟೆ ಭಾಗವೇ ಬೀಳುವಂತೆ ನೋಡಿಕೊಂಡರು. ಮುದ್ದೆಯನ್ನು ನಾಲ್ಕೇಟಿಗೊಮ್ಮೆ ಮಡಿಸಿ, ನೀರು ಚಿಮುಕಿಸಿ, ತಿರುಗಿಸಿದರು. ಹಳೆಯ, ತೆಳುವಾದ ಬೆಡ್‌ಶೀಟನ್ನು ಹರಿಯದಂತೆ ಒಗೆಯುವವರ ಕೈ ಅದು. ಕೊಳೆ ಬಿಡಬೇಕು, ದಾರ ಕಡಿಯಬಾರದು.

ಒಂದು ಚಿಟಿಕೆ ತೆಗೆದು ಗಾಜಿನ ಲೋಟದ ನೀರಿಗೆ ಹಾಕಿ ಕುಲುಕಿದರು. ಗಂಟಿಲ್ಲದೆ ಮೋಡದ ಹಾಗೆ ಹರಡಿಕೊಂಡಿತು. ಲ್ಯಾಬಮ್ಮ ತಲೆಯಾಡಿಸಿದಳು. ಮುದ್ದೆಯನ್ನು ತೊಟ್ಟಿಯ ನೀರಿನಲ್ಲಿ ಕದಡಿ, ಜರಡಿಯಲ್ಲಿ ಹಾಳೆ ಎತ್ತಿ, ಲಾಡ್ಜಿನವರು ಬೇಡವೆಂದು ಬಿಟ್ಟ ಹಳೆ ಬೆಡ್‌ಶೀಟಿನ ತುಂಡುಗಳ ಮೇಲೆ ಒಂದೊಂದಾಗಿ ಬೋರಲು ಹಾಕಿದರು. ಮೇಲೆ ಹಲಗೆ ಇಟ್ಟು, ಇಟ್ಟಿಗೆ ಹೇರಿ ನೀರು ಹಿಂಡಿದರು. ಶುಕ್ರವಾರ ಗೋಡೆಗೆ ಹಚ್ಚಿ ಒಣಗಿಸಿದರು. ಬಟ್ಟೆಗೆ ಹಾಕುವ ತೆಳು ಗಂಜಿಯನ್ನೇ ಕುಂಚದಿಂದ ಒಂದು ಕೈ ಸವರಿ ಮತ್ತೆ ಒಣಗಲು ಬಿಟ್ಟರು. ಬಣ್ಣ ಹುಲ್ಲಿನ ಹಳದಿಯೇ. ದೊಡ್ಡಮ್ಮ ಆ ಕಡೆ ನೋಡದೆ ಇಸ್ತ್ರಿ ಮಾಡಿದರು. ಬ್ಲೀಚಿಂಗ್ ಪೌಡರಿನ ಡಬ್ಬವನ್ನು ಲ್ಯಾಬಮ್ಮ ಎಲ್ಲಿಟ್ಟಿದ್ದಳೋ, ಕೇಳಿದರೂ ಹೇಳಲಿಲ್ಲ.

ಶನಿವಾರ ಲಾಡ್ಜಿನ ಕೌಂಟರಿನ ಮುಂದೆ ಮೂವರೂ ನಿಂತರು. ಕಾಗದದ ಅಂಚನ್ನು ಗಂಜಿಯಿಂದ ಅಂಟಿಸಿ ದಾರ ಕಟ್ಟಿದ ಆರು ಬೆಡ್‌ಶೀಟುಗಳ ಕಟ್ಟನ್ನು ದೊಡ್ಡಮ್ಮ ಎತ್ತಿ ಇಟ್ಟರು. ಮಡಿಕೆ ಬಿರಿಯಲಿಲ್ಲ. ಮ್ಯಾನೇಜರು ದಾರ ಬಿಚ್ಚಿ, ಎಂದಿನಂತೆ ಹೆಬ್ಬೆರಳಿನಿಂದ ಕಾಗದ ಹರಿಯಲು ನೋಡಿದರು. ಆಗಲಿಲ್ಲ. ಎರಡೂ ಕೈ ಹಾಕಿದರು. ರೂಮಿನ ಬೀಗದ ಕೈಯಿಂದ ಚುಚ್ಚಿದರು. ಹಿಂದೆ ಗಿರಾಕಿಗಳು ಕಾಯುತ್ತಿದ್ದರು.

"ಏನಮ್ಮಾ ಇದು, ಕಾಗದವೋ ಟಾರ್ಪಾಲೋ? ಯಾರಾದ್ರೂ ಕತ್ತರಿ ತನ್ರೀ!"

ಕತ್ತರಿ ಬಂತು. ಒಳಗಿನ ಬೆಡ್‌ಶೀಟುಗಳ ಮೇಲೆ ಒಂದೇ ಒಂದು ಚುಕ್ಕಿ ಇರಲಿಲ್ಲ. ಇಡೀ ವಾರ ಗೋಡೆಯಾಚೆ ಹೊಗೆಯೇ ಎದ್ದಿರಲಿಲ್ಲ.

"ಬುಧವಾರಕ್ಕೆ ಒಗೆದು ಕೊಡಬೇಕಾದ ಬಟ್ಟೆ ಮೂಲೆಯಲ್ಲಿದೆ, ತಗೊಂಡು ಹೋಗಿ," ಎಂದರು ಮ್ಯಾನೇಜರು, ಸಿಡುಕುತ್ತಲೇ. "ಮುಂದಿನ ಸಲ ಅಂಟಿಸಬೇಡಿ, ಮಡಿಸಿ ದಾರ ಕಟ್ಟಿದ್ರೆ ಸಾಕು."

ಹೊರಗೆ ಬಂದ ಮೇಲೆ ಮೈದುನ ಗೊಣಗಿದ. "ಸರಿ, ಒಪ್ಪಿದೆ. ಆದ್ರೆ ಡ್ರಮ್ಮಿಗೆ ಹಿಡಿಯೋದು ಎರಡು ಕಿಲೋ. ನನ್ನ ಕಣದಲ್ಲಿರೋದು ಗಾಡಿಗಟ್ಟಲೆ. ನನ್ನ ಮೊಮ್ಮಕ್ಕಳ ಮದುವೆಗೆ ಮುಗಿಯುತ್ತಾ?"

"ಎಲ್ಲವೂ ಕಾಗದವೇ ಆಗಬೇಕು ಅಂತ ಯಾರು ಹೇಳಿದ್ರು?" ಎಂದಳು ಮಗಳು. "ಒಳಗಿನ ಮೆತ್ತನೆ ಸಿಪ್ಪೆ ಒಣಗಿಸಿ ಚೀಲಕ್ಕೆ ತುಂಬು, ವರ್ಷವಿಡೀ ಬರುತ್ತೆ. ನಮ್ಮ ಬೀದಿಯ ಮಹಿಳಾ ಸಂಘದಲ್ಲಿ ಇನ್ನೂ ಮೂರು ಮನೆಯವರು ತಮಗೂ ಸಿಪ್ಪೆ ಬೇಕು ಅಂತ ಆಗಲೇ ಕೇಳಿದ್ದಾರೆ. ಒರಟು ಸಿಪ್ಪೆ ಗೊಬ್ಬರದ ಗುಂಡಿಗೆ. ಎರಡೇ ದಿನದಲ್ಲಿ ಕಣ ಖಾಲಿ."

"ಚೀಲ ಎಲ್ಲಿಡೋದು?"

ದೊಡ್ಡಮ್ಮ ಬಟ್ಟೆಯ ಗಂಟನ್ನು ಅವನ ಕೈಗೆ ತುರುಕಿದರು. "ನನ್ನ ಅಟ್ಟದಲ್ಲಿ ಇಡು ಮಾರಾಯಾ. ಅವತ್ತೇ ಕೇಳಿದ್ಯಲ್ಲ."

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಕಣದಲ್ಲೂ ಹೀಗೊಂದು ರಾಶಿ ಬಿದ್ದಿರಬಹುದು. ಮೆಕ್ಕೆಜೋಳದ ಸಿಪ್ಪೆ, ಗೋಧಿಯ ಹುಲ್ಲು, ಬಾಳೆಯ ದಿಂಡು, ಯಾವುದಾದರೂ ಇರಲಿ, ಅದರೊಳಗೆ ನಾರಿದೆ. ಕಾಗದಕ್ಕೆ ಬೇಕಾದದ್ದು ಅದೇ. ನೀವು ಮಾಡಿ ನೋಡುವುದಾದರೆ ಕೆಲವು ಮಾತು ಮರೆಯಬೇಡಿ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಬೇಯಿಸಬೇಡಿ, ಸೋಡ ಅದನ್ನು ತಿನ್ನುತ್ತದೆ. ಸ್ಟೀಲ್ ಪಾತ್ರೆಯೇ ಆಗಬೇಕು. ಕುದಿಯುವ ಸೋಡದ ನೀರು ಕಣ್ಣಿಗೆ, ಚರ್ಮಕ್ಕೆ ಕೆಟ್ಟದ್ದು. ಮಕ್ಕಳನ್ನು ಹತ್ತಿರ ಬಿಡಬೇಡಿ. ಬೇಯಿಸಿದ ಕಂದು ನೀರನ್ನು ಬಾವಿ, ಹಳ್ಳದ ಕಡೆ ಚೆಲ್ಲದೆ ಮುಂದಿನ ಸಲ ಬೇಯಿಸಲು ಬಳಸಿ, ಕೊನೆಗೆ ಬಾವಿಯಿಂದ ದೂರದ ಇಂಗುಗುಂಡಿಗೆ ಬಿಡಿ. ಮತ್ತೆ, ದಯವಿಟ್ಟು, ಗೋಡೆಯ ಮೇಲೆ ಬರೆದದ್ದಕ್ಕೆ ನಿಮ್ಮ ಜಾಣತನ ಸೇರಿಸಬೇಡಿ. ಕನಿಷ್ಠ ಮೊದಲ ಸಲವಾದರೂ.

ಅದೂ ಬೇಡ, ಇವತ್ತು ಇಷ್ಟು ಮಾಡಿ. ಕಡ್ಡಿ ಗೀರುವ ಮೊದಲು ಒಂದು ಸಿಪ್ಪೆಯನ್ನು ಉದ್ದಕ್ಕೆ ಸೀಳಿ ಬೆಳಕಿಗೆ ಹಿಡಿಯಿರಿ. ಅಂಚಿನಲ್ಲಿ ಎದ್ದ ಆ ಎಳೆಗಳನ್ನು ನೋಡಿ. ಆಮೇಲೆ ನಿಮ್ಮ ಪಕ್ಕದ ಮನೆಯ ಹಗ್ಗದ ಕಡೆಯೂ ಒಮ್ಮೆ ನೋಡಿ. ಅಲ್ಲಿ ಯಾರೋ ಬಟ್ಟೆ ಒಣಹಾಕಿರುತ್ತಾರೆ.